ಚಿತ್ರ ಬರೆಯೋಕೆ ಬರದ ನಾನು ಹಕ್ಕಿ ಬರೆಯೋಕೆ ಶುರು ಮಾಡಿದ್ದು

ಚಿತ್ರಕಲೆ ನಮ್ಮಂಥವರಿಗಲ್ಲ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಮೈಸೂರಿನಲ್ಲಿ ಹಾಗೆ ಅನ್ನಿಸುವುದು ಸುಲಭ. ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮನ ಚಿತ್ರಗಳು, ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರ. ಇನ್ನೊಂದು ಕಡೆ ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ರೇಕು ಅಂಟಿಸುತ್ತಾ ಕೂತ ಕಲಾವಿದರು. ಇದನ್ನೆಲ್ಲ ನೋಡಿದ ಮೇಲೆ, ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ ಕೈಗೆ ಪೆನ್ಸಿಲ್ ಯಾಕೆ ಅನ್ನಿಸುತ್ತದೆ ಅಲ್ವಾ? ಆದರೂ ಏನಾದರೂ ಕೈಯಾರೆ ಮಾಡಬೇಕು ಅನ್ನುವ ಆಸೆ ಹೋಗಿರಲಿಲ್ಲ. ಆಫೀಸು, ಅಡುಗೆ, ಮೊಬೈಲು, ಇಷ್ಟರಲ್ಲೇ ದಿನ ಮುಗಿದುಹೋಗುವುದು ನನಗೆ ನಿಜವಾಗಿಯೂ ಬೇಜಾರಾಗುತ್ತಿತ್ತು.

ದಾರಿ ಸಿಕ್ಕಿದ್ದು ಕುಕ್ಕರಹಳ್ಳಿ ಕೆರೆಯಲ್ಲಿ. ಬೆಳಿಗ್ಗೆ ಏರಿಯ ಮೇಲೆ ವಾಕಿಂಗ್ ಹೋಗುವಾಗ ಹಕ್ಕಿ ನೋಡುತ್ತಿದ್ದೆ. ಮನೆಗೆ ಬಂದು ನೆನಪು ಮಾಡಿಕೊಂಡರೆ ಕಂಡದ್ದು ಹಾವಕ್ಕಿಯೋ ನೀರುಕಾಗೆಯೋ ಗೊತ್ತಾಗುತ್ತಿರಲಿಲ್ಲ. ಗುರುತಿಗೆ ಇರಲಿ ಅಂತ, ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬಾಲ್‌ಪೆನ್ನಿಂದ ಕೊಕ್ಕು ಮಾತ್ರ ಬರೆದುಕೊಂಡೆ. ತುದಿ ಕೆಳಕ್ಕೆ ಬಾಗಿದ್ದರೆ ನೀರುಕಾಗೆ, ನೇರವಾಗಿ ಚೂಪಾಗಿದ್ದರೆ ಹಾವಕ್ಕಿ. ಅಷ್ಟೇ. ಚಿತ್ರ ಚೆನ್ನಾಗಿದೆಯಾ ಅನ್ನುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಆ ಗೆರೆಗೆ ಬೇರೆ ಕೆಲಸವಿತ್ತು. ನನ್ನ ಅಳುಕು ಸಡಿಲವಾದದ್ದು ಅಲ್ಲಿಂದ.

ಶುರು ಮಾಡುವವರು ಸೂರಕ್ಕಿಯಂಥ ಚುರುಕಿನ ಹಕ್ಕಿ ಹಿಂದೆ ಹೋಗಬೇಡಿ, ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಅದು ಇರುವುದಿಲ್ಲ. ನೀರುಕಾಗೆ ಹಿಡಿಯಿರಿ. ಅದರ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ, ಗರಿ ನೆನೆದರೆ ಮುಳುಗಿ ಮೀನು ಹಿಡಿಯುವುದು ಸಲೀಸು. ಅದಕ್ಕೇ ಮೇಲೆ ಬಂದ ಮೇಲೆ ರೆಕ್ಕೆ ಹರವಿಕೊಂಡು ಬಿಸಿಲಿಗೆ ಸುಮ್ನೆ ನಿಂತುಬಿಡುತ್ತದೆ. ದಡದ ಕೊಳದ ಬಕವೂ ಹಾಗೇ, ಮೀನಿಗೆ ಕಾಯುತ್ತಾ ಅಲ್ಲಾಡದೆ ನಿಲ್ಲುತ್ತದೆ. ಮೊದಲು ಮೈಗೆ ಒಂದು ಮೊಟ್ಟೆಯಾಕಾರ, ಅದು ಎಷ್ಟು ಓರೆಯಾಗಿದೆ ಅಂತ ನೋಡಿ ಹಾಕುತ್ತೇನೆ. ಆಮೇಲೆ ಕತ್ತಿನ ಗೆರೆ, ಕೊಕ್ಕು ಎತ್ತ ತೋರುತ್ತಿದೆ ಅನ್ನುವುದು, ಕೊನೆಗೆ ಕಾಲು. ಕಣ್ಣು, ಗರಿ ಎಲ್ಲ ಆಮೇಲಿನ ಮಾತು. ಹಕ್ಕಿ ಭಂಗಿ ಬದಲಿಸಿದರೆ ಅದನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಹಳೇ ಭಂಗಿಗೇ ಬರುತ್ತದೆ, ಆಗ ಮೊದಲಿನದಕ್ಕೆ ವಾಪಸ್. ಒಂದೇ ಹಾಳೆಯಲ್ಲಿ ನಾಲ್ಕೈದು ಅರ್ಧಂಬರ್ಧ ಹಕ್ಕಿಗಳಿರುತ್ತವೆ, ಇರಲಿ ಬಿಡಿ. ರಬ್ಬರ್ ಒಯ್ಯುವುದೇ ಇಲ್ಲ.

ಕಾಲಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಕೊಕ್ಕರೆ ಕಾಲು ಮಧ್ಯದಲ್ಲಿ ಹಿಂದಕ್ಕೆ ಮಡಚುತ್ತದಲ್ಲ, ಅದು ಮಂಡಿ ಅಲ್ಲ, ಹಿಮ್ಮಡಿಯ ಕೀಲು. ನಿಜವಾದ ಮಂಡಿ ಮೇಲೆ, ಮೈಯ ಗರಿಯೊಳಗೆ ಅಡಗಿರುತ್ತದೆ. ಇದು ಗೊತ್ತಾದ ಮೇಲೆ ನನ್ನ ಹಕ್ಕಿಗಳು ಹಾಳೆಯ ಮೇಲೆ ನೆಟ್ಟಗೆ ನಿಲ್ಲತೊಡಗಿದವು. ಕೈ ಪಳಗಿದ್ದಕ್ಕಿಂತ ಕಣ್ಣು ಪಳಗಿದ್ದರಿಂದ ಆದ ಬದಲಾವಣೆ ಅದು, ನನಗೆ ತುಂಬಾ ಧೈರ್ಯ ಕೊಟ್ಟಿತು.

ಇನ್ನೊಂದು ಧೈರ್ಯ ಸಿಕ್ಕಿದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ನೋಡಿಕೊಳ್ಳುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಒಂದು ಮನೆಯ ಜಗಲಿ ಮೇಲೆ ಕೂತು ಬರೆಯುತ್ತಿದ್ದಾಗ ಆ ಮನೆಯ ಅಜ್ಜಿ ಬಂದು ಬಗ್ಗಿ ನೋಡಿದರು.

"ಏನ್ ಬರೀತಾ ಇದ್ದೀಯವ್ವ?"

"ಹೆಜ್ಜಾರ್ಲೆ ಅಜ್ಜಿ."

"ಕೂತಾಗ ಕತ್ತು ಮಡಿಸ್ಕೊಂಡಿರ್ತದೆ ಕಣವ್ವ. ಇನ್ನೊಂದ್ಸಲ ನೋಡು."

ನೋಡಿದೆ. ಕತ್ತು ಹಿಂದಕ್ಕೆ ಮಡಚಿ, ಆ ಉದ್ದ ಕೊಕ್ಕು ಎದೆಯ ಮೇಲೆ ಒರಗಿತ್ತು. ಅಂದ ಚಂದದ ಮಾತನ್ನು ಅಜ್ಜಿ ಎತ್ತಲೇ ಇಲ್ಲ. ತಮ್ಮ ಹಕ್ಕಿ ಹಾಳೆಯ ಮೇಲೂ ಸರಿಯಾಗಿ ಕೂರಬೇಕು ಅನ್ನುವುದಷ್ಟೇ ಅವರಿಗೆ ಬೇಕಾಗಿತ್ತು. ಇಂಥ ಗುರುಗಳು ಸಿಗುವುದು ಪುಣ್ಯ.

ಅಳುಕು ಈಗಲೂ ಇದೆ. ಯಾರಾದರೂ "ತೋರಿಸಿ" ಅಂದರೆ ಕೈ ಹಿಂದೆ ಸರಿಯುತ್ತದೆ. ಆದರೆ ನೋಟ್‌ಬುಕ್ ತೆರೆದು ಹಕ್ಕಿಯನ್ನು ನೋಡಲು ಶುರು ಮಾಡಿದ ಮೇಲೆ ಆ ಅಳುಕಿನ ಕಡೆ ಗಮನ ಹೋಗುವುದಿಲ್ಲ. ಬಣ್ಣದ ಬಗ್ಗೆ ಹೇಳುವಷ್ಟು ನನಗಿನ್ನೂ ಗೊತ್ತಿಲ್ಲ. ಒಂದು ಚಿಕ್ಕ ಜಲವರ್ಣದ ಡಬ್ಬಿ ಕೊಂಡಿದ್ದೇನೆ, ಬಣ್ಣದ ಕೊಕ್ಕರೆಯ ಬೆನ್ನಿನ ಹತ್ತಿರದ ಗುಲಾಬಿಗೆ ಅಂತಲೇ.

ಸದ್ಯಕ್ಕೆ ಹಾರುವ ಹಕ್ಕಿಯ ಹಿಂದೆ ಬಿದ್ದಿದ್ದೇನೆ. ರೆಕ್ಕೆಯೊಳಗೂ ನಮ್ಮ ತೋಳಿನ ಹಾಗೆ ಭುಜ, ಮೊಣಕೈ, ಮಣಿಕಟ್ಟು ಇರುತ್ತದೆ. ಅವು ಎಲ್ಲಿ ಮಡಚುತ್ತವೆ ಅಂತ ಹುಡುಕಲು ಭಾನುವಾರ ಬೆಳಿಗ್ಗೆ ಕೆರೆಯ ಹತ್ತಿರ ಕೂರುತ್ತೇನೆ. ಹೆಜ್ಜಾರ್ಲೆ ನೀರಿಗೆ ಇಳಿಯುವಾಗ ವೇಗ ತಗ್ಗಿಸಿ ರೆಕ್ಕೆ ಅಗಲಿಸುತ್ತದೆ, ಆ ಒಂದು ಕ್ಷಣದಲ್ಲಿ ಮೂರೂ ಮಡಿಕೆ ಕಾಣುತ್ತವೆ. ಇಲ್ಲಿಯವರೆಗೆ ಮಣಿಕಟ್ಟು ಸಿಕ್ಕಿದೆ, ಮೊಣಕೈ ಇನ್ನೂ ಸಿಗಬೇಕು.