ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾವಿಶೇಷಣದ ಜಾಗ: ನಾನು ಕಲಿತ ಬಗೆ

'ಆಲ್ವೇಸ್', 'ಸ್ಲೋಲಿ', 'ಯೆಸ್ಟರ್ಡೇ', 'ಪ್ರಾಬಬ್ಲಿ' ಇಂಥ ಪದಗಳ ಅರ್ಥ ಎಲ್ಲರಿಗೂ ಗೊತ್ತು. ವಾಕ್ಯದಲ್ಲಿ ಅವು ಎಲ್ಲಿ ಕೂರುತ್ತವೆ ಅನ್ನೋದೇ ಕಷ್ಟ. ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕೆ ಉದ್ದುದ್ದ ಪಟ್ಟಿಗಳಿವೆ. ಓದುವಾಗ ಎಲ್ಲ ಸರಿ ಅನಿಸುತ್ತದೆ, ಬರೆಯೋಕೆ ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ಹಾಗಾಗಿ ನಾನು ಪಟ್ಟಿ ಬಿಟ್ಟು ಬೇರೆ ದಾರಿ ಹಿಡಿದೆ. ಆ ದಾರಿ ಸಿಕ್ಕಿದ್ದು ಕನ್ನಡದಲ್ಲೇ.

ಈ ವಾಕ್ಯ ನೋಡಿ: 'ಅವಳು ನಿನ್ನೆ ಸಭೆಯಲ್ಲಿ ಚೆನ್ನಾಗಿ ಮಾತಾಡಿದಳು.' ಕ್ರಿಯಾಪದ ಕೊನೆಯಲ್ಲಿದೆ. ಅಲ್ಲಿಂದ ಹಿಂದಕ್ಕೆ ಓದಿಕೊಂಡು ಬನ್ನಿ. ಮಾತಾಡಿದಳು, ಚೆನ್ನಾಗಿ, ಸಭೆಯಲ್ಲಿ, ನಿನ್ನೆ. ಈಗ ಇಂಗ್ಲಿಷ್: 'ಶಿ ಸ್ಪೋಕ್ ವೆಲ್ ಅಟ್ ದ ಮೀಟಿಂಗ್ ಯೆಸ್ಟರ್ಡೇ.' ಕರ್ತೃ ಎರಡು ಭಾಷೆಯಲ್ಲೂ ಮೊದಲೇ ಇದೆ, ಉಳಿದದ್ದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಕನ್ನಡದಲ್ಲಿ ಕ್ರಿಯಾಪದಕ್ಕೆ ಯಾವುದು ಹತ್ತಿರವೋ ಇಂಗ್ಲಿಷಲ್ಲೂ ಅದೇ ಹತ್ತಿರ, ದಿಕ್ಕು ಮಾತ್ರ ಬೇರೆ. 'ಮೊದಲು ರೀತಿ, ಆಮೇಲೆ ಜಾಗ, ಆಮೇಲೆ ಸಮಯ' ಅಂತ ಪುಸ್ತಕ ಹೇಳುವ ಕ್ರಮ ಇದೇ. ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ನಮ್ಮ ವಾಕ್ಯವನ್ನು ಹಿಂದಿನಿಂದ ಓದಿದರೆ ಸಾಕು.

ನನಗೆ ಇನ್ನೂ ಖುಷಿ ಕೊಟ್ಟಿದ್ದು ಅಪವಾದ ಅಂತ ಹೇಳುವ ಜಾಗಗಳು. 'ಗೋ', 'ಕಮ್' ತರಹದ ಚಲನೆಯ ಕ್ರಿಯಾಪದ ಬಂದರೆ ಜಾಗ ಮೊದಲು, ರೀತಿ ಆಮೇಲೆ ಅಂತಾರೆ: 'ಶಿ ವೆಂಟ್ ಹೋಮ್ ಕ್ವಿಕ್ಲಿ.' ಕನ್ನಡದಲ್ಲಿ ನಾವು ಏನು ಹೇಳುತ್ತೇವೆ? 'ಬೇಗ ಬೇಗ ಮನೆಗೆ ಹೋದಳು.' 'ಮನೆಗೆ' ಅನ್ನೋದು ಕ್ರಿಯಾಪದಕ್ಕೆ ಅಂಟಿಕೊಂಡೇ ಇದೆ! ಗಡಿಯಾರದ ಸಮಯವೂ ಹಾಗೇ. ನಾವು 'ಸೋಮವಾರ ಹತ್ತು ಗಂಟೆಗೆ' ಅಂತೀವಿ, ಅವರು ಸಾಮಾನ್ಯವಾಗಿ 'ಅಟ್ ಟೆನ್ ಓ ಕ್ಲಾಕ್ ಆನ್ ಮಂಡೇ' ಅಂತಾರೆ.

ಆದರೆ ಕರ್ಮಪದ ಬಂದಾಗ ಜಾಗ್ರತೆ ಬೇಕು. 'ನಿಧಾನವಾಗಿ ಪತ್ರ ಓದಿದೆ', 'ಪತ್ರವನ್ನು ನಿಧಾನವಾಗಿ ಓದಿದೆ', ಕನ್ನಡದಲ್ಲಿ ಎರಡೂ ನಡೆಯುತ್ತವೆ. ಮೊದಲನೆಯದನ್ನು ತಿರುಗಿಸಿದರೆ 'ಐ ರೆಡ್ ದ ಲೆಟರ್ ಸ್ಲೋಲಿ', ಸರಿಯಾಗಿದೆ. ಎರಡನೆಯದನ್ನು ತಿರುಗಿಸಿದರೆ 'ಐ ರೆಡ್ ಸ್ಲೋಲಿ ದ ಲೆಟರ್' ಆಗುತ್ತದೆ, ಇದನ್ನು ಇಂಗ್ಲಿಷ್ ಒಪ್ಪುವುದಿಲ್ಲ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಏನನ್ನೂ ತುರುಕಬಾರದು. 'ಐ ಲೈಕ್ ವೆರಿ ಮಚ್ ದಿಸ್ ಸಾಂಗ್' ಅಂತ ಹೇಳುವವರು ಎಷ್ಟೋ ಜನ ಇದ್ದಾರೆ, ಅಲ್ವಾ? ಅಲ್ಲಿ 'ವೆರಿ ಮಚ್' ಕೊನೆಗೆ ಹೋಗಬೇಕು. ಕರ್ಮ ತುಂಬಾ ಉದ್ದವಾದರೆ ಮಾತ್ರ ಸಡಿಲ ಸಿಗುತ್ತದೆ: 'ಶಿ ಎಕ್ಸ್‌ಪ್ಲೇನ್ಡ್ ಪೇಶೆಂಟ್ಲಿ ಎವ್ರಿಥಿಂಗ್ ದಟ್ ವಿ ಹ್ಯಾಡ್ ಆಸ್ಕ್ಡ್ ಅಬೌಟ್.' ಇಲ್ಲಿ 'ಪೇಶೆಂಟ್ಲಿ'ಯನ್ನು ತೀರಾ ಕೊನೆಗೆ ತಳ್ಳಿದರೆ ಅದು 'ಆಸ್ಕ್ಡ್'ಗೆ ಹೋಗಿ ಅಂಟಿಕೊಳ್ಳುತ್ತದೆ, ತಾಳ್ಮೆಯಿಂದ ಕೇಳಿದ್ದು ನಾವು ಅಂತಾಗಿಬಿಡುತ್ತದೆ.

ಇಷ್ಟು ವಾಕ್ಯದ ಬಾಲದ ಕಥೆ. 'ಆಲ್ವೇಸ್', 'ಆಫನ್', 'ನೆವರ್', 'ಪ್ರಾಬಬ್ಲಿ' ಇವು ಬಾಲಕ್ಕೆ ಹೋಗುವುದು ಕಡಿಮೆ, ವಾಕ್ಯದ ನಡುವೆ ಕೂರುತ್ತವೆ. ನಡುವೆ ಅಂದರೆ ಎಲ್ಲಿ? 'ಶಿ ಆಲ್ವೇಸ್ ಕಮ್ಸ್ ಲೇಟ್' ಅನ್ನುವಲ್ಲಿ ಕ್ರಿಯಾಪದದ ಮುಂಚೆ ಇದೆ. 'ಶಿ ಈಸ್ ಆಲ್ವೇಸ್ ಲೇಟ್' ಅನ್ನುವಲ್ಲಿ ಆಮೇಲೆ ಇದೆ. 'ಶಿ ಹ್ಯಾಸ್ ನೆವರ್ ಬೀನ್ ಇನ್ವೈಟೆಡ್' ಅಂದಾಗ ಎರಡು ಸಹಾಯಕ ಕ್ರಿಯಾಪದಗಳ ಮಧ್ಯೆ.

ಇದಕ್ಕೆ ನಾನು ಬಳಸುವುದು ಪ್ರಶ್ನೆಯ ಪರೀಕ್ಷೆ. ವಾಕ್ಯವನ್ನು ಹೌದು-ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಮಾಡಿ ನೋಡುತ್ತೇನೆ. 'ಶಿ ಈಸ್ ಲೇಟ್' ಅನ್ನೋದು 'ಈಸ್ ಶಿ ಲೇಟ್?' ಆಗುತ್ತದೆ. ಮುಂದಕ್ಕೆ ಜಿಗಿದ ಪದ 'ಈಸ್'. ಹಾಗಾದರೆ 'ಆಲ್ವೇಸ್' ಅದು ಆದಮೇಲೆಯೇ ಬರಬೇಕು. 'ಹ್ಯಾಸ್ ಶಿ ಬೀನ್ ಇನ್ವೈಟೆಡ್?' ಅಂದಾಗ ಜಿಗಿದದ್ದು 'ಹ್ಯಾಸ್', ಹಾಗಾಗಿ 'ಹ್ಯಾಸ್ ನೆವರ್ ಬೀನ್'. ಪ್ರಶ್ನೆ ಮಾಡಲು ಹೊಸದಾಗಿ 'ಡು', 'ಡಸ್', 'ಡಿಡ್' ತರಬೇಕಾಯಿತೋ, ಆಗ ವಾಕ್ಯದಲ್ಲಿ ಜಿಗಿಯುವ ಪದವೇ ಇಲ್ಲ ಅಂತ ಅರ್ಥ. ಅಲ್ಲಿ ಕ್ರಿಯಾವಿಶೇಷಣ ನೇರವಾಗಿ ಕ್ರಿಯಾಪದದ ಮುಂಚೆ. 'ಡಸ್ ಶಿ ಕಮ್ ಲೇಟ್?', ಹಾಗಾಗಿ 'ಆಲ್ವೇಸ್ ಕಮ್ಸ್'. ಎಷ್ಟೇ ಉದ್ದದ ವಾಕ್ಯವಾದರೂ ಈ ಪರೀಕ್ಷೆಗೆ ಕೆಲವು ಕ್ಷಣ ಸಾಕು. 'ಈಸ್ ಶಿ ಲೇಟ್?' ಅಂತ ಕೇಳಿದವರಿಗೆ 'ಶಿ ಆಲ್ವೇಸ್ ಈಸ್' ಅಂತ ಚಿಕ್ಕದಾಗಿ ಉತ್ತರಿಸುವಾಗ ಮಾತ್ರ ಕ್ರಮ ಬದಲಾಗುತ್ತದೆ, ಯಾಕೆಂದರೆ ಅಲ್ಲಿ 'ಈಸ್' ಆದಮೇಲೆ ವಾಕ್ಯವೇ ಮುಗಿದುಹೋಗುತ್ತದೆ.

ಇದು ಸುಮ್ನೆ ಕೆಲಸ ನಡೆಸುವ ಉಪಾಯ ಅಲ್ಲ, ಇದರ ಹಿಂದೆ ಭಾಷೆಯ ರಚನೆಯೇ ಇದೆ. ಫ್ರೆಂಚಿನಲ್ಲಿ ಮಾಮೂಲಿ ಕ್ರಿಯಾಪದವೂ ಕ್ರಿಯಾವಿಶೇಷಣವನ್ನು ದಾಟಿ ಮುಂದೆ ಬರುತ್ತದೆ, 'ಶಿ ರೀಡ್ಸ್ ಆಫನ್ ಬುಕ್ಸ್' ಅನ್ನುವ ಕ್ರಮವೇ ಅಲ್ಲಿ ಸಹಜ. ಇಂಗ್ಲಿಷಲ್ಲಿ ಹಾಗೆ ದಾಟುವ ಶಕ್ತಿ ಇರುವುದು 'ಬಿ' (ಅಂದರೆ 'ಈಸ್', 'ಆರ್', 'ವಾಸ್' ಇವುಗಳ ಮೂಲರೂಪ) ಮತ್ತು ಸಹಾಯಕ ಕ್ರಿಯಾಪದಗಳಿಗೆ ಮಾತ್ರ. ಭಾಷಾವಿಜ್ಞಾನಿ ಜಾನ್-ಈವ್ ಪೊಲಾಕ್ 1989ರಲ್ಲಿ ಈ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ವಿವರಿಸಿದ್ದು ಇದನ್ನೇ. ಪ್ರಶ್ನೆಯಲ್ಲಿ ಜಿಗಿಯುವ ಪದ ಮತ್ತು ಕ್ರಿಯಾವಿಶೇಷಣವನ್ನು ದಾಟುವ ಪದ ಒಂದೇ ಯಾಕೆ ಅಂತ ಇದನ್ನು ಓದಿದಮೇಲೆ ನನಗೆ ಅರ್ಥವಾಯಿತು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ಕಳೆದಿದ್ದು ಇಲ್ಲ ಅನ್ನುವ ವಾಕ್ಯಗಳ ಮೇಲೆ. ನಮ್ಮ 'ಇಲ್ಲ' ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ಅದು ಯಾವ ಪದವನ್ನು ಅಲ್ಲಗಳೆಯುತ್ತಿದೆ ಅನ್ನೋದನ್ನು ದನಿಯಿಂದಲೋ ಒಂದು 'ಏ' ಸೇರಿಸಿಯೋ ತೋರಿಸುತ್ತೇವೆ. ಇಂಗ್ಲಿಷಲ್ಲಿ ಆ ಕೆಲಸವನ್ನು ಜಾಗವೇ ಮಾಡುತ್ತದೆ. 'ಐ ಡಿಡಂಟ್ ಡೆಲಿಬರೇಟ್ಲಿ ಡಿಲೀಟ್ ದ ಫೈಲ್' ಅಂದರೆ ಫೈಲ್ ಹೋಗಿದೆ, ಬೇಕಂತ ಅಳಿಸಿದ್ದಲ್ಲ. 'ಐ ಡೆಲಿಬರೇಟ್ಲಿ ಡಿಡಂಟ್ ಡಿಲೀಟ್ ದ ಫೈಲ್' ಅಂದರೆ ಫೈಲ್ ಇದೆ, ಬೇಕಂತಲೇ ಉಳಿಸಿಕೊಂಡಿದ್ದೇನೆ. ಒಂದೇ ಪದ ಸರಿದರೆ ಫೈಲ್ ಇರುವುದೋ ಇಲ್ಲದಿರುವುದೋ ಅದಲುಬದಲು! 'ಐ ರಿಯಲಿ ಡೋಂಟ್ ಲೈಕ್ ಇಟ್' ಅಂದರೆ ಖಂಡಿತ ಇಷ್ಟ ಇಲ್ಲ, 'ಐ ಡೋಂಟ್ ರಿಯಲಿ ಲೈಕ್ ಇಟ್' ಅಂದರೆ ಅಷ್ಟೇನೂ ಇಷ್ಟ ಇಲ್ಲ. 'ನಾಟ್' ಆದಮೇಲೆ ಬಂದದ್ದು ಅದರ ಹಿಡಿತಕ್ಕೆ ಸಿಗುತ್ತದೆ, ಮುಂಚೆ ಇದ್ದದ್ದು ತಪ್ಪಿಸಿಕೊಳ್ಳುತ್ತದೆ. ನಾನು ಇಂಗ್ಲಿಷಲ್ಲಿ ಬರೆದ ಯಾವುದೇ ಕಾಗದವನ್ನು ಕಳಿಸುವ ಮುಂಚೆ 'ನಾಟ್' ಇರುವ ವಾಕ್ಯಗಳನ್ನು ಮಾತ್ರ ಇನ್ನೊಮ್ಮೆ ಓದುತ್ತೇನೆ. 'ಪ್ರಾಬಬ್ಲಿ' ಮತ್ತು 'ಸ್ಟಿಲ್' ಈ ಹಿಡಿತದ ಹೊರಗೇ ಇರಲು ಬಯಸುತ್ತವೆ: 'ಹಿ ಪ್ರಾಬಬ್ಲಿ ವೋಂಟ್ ಕಮ್', 'ಹಿ ಸ್ಟಿಲ್ ಹ್ಯಾಸಂಟ್ ಕಮ್'. 'ಯೆಟ್' ಮಾತ್ರ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, 'ಹಿ ಹ್ಯಾಸಂಟ್ ಕಮ್ ಯೆಟ್'.

ವಾಕ್ಯದ ಮೊದಲಲ್ಲಿ ಬರುವವು ಬೇರೆಯೇ ಜಾತಿ. 'ಹಿ ಸ್ಪೋಕ್ ಫ್ರಾಂಕ್ಲಿ' ಅಂದರೆ ಅವನು ಮುಚ್ಚುಮರೆ ಇಲ್ಲದೆ ಮಾತಾಡಿದ. 'ಫ್ರಾಂಕ್ಲಿ, ಹಿ ಸ್ಪೋಕ್ ಟೂ ಲಾಂಗ್' ಅಂದರೆ ಮುಚ್ಚುಮರೆ ಇಲ್ಲದೆ ಹೇಳುತ್ತಿರುವುದು ನಾನು. ಕನ್ನಡದಲ್ಲಿ ಇಂಥ ಕಡೆ 'ನೇರವಾಗಿ ಹೇಳಬೇಕಂದ್ರೆ' ಅಂತ ಸೇರಿಸುತ್ತೇವೆ, ಅವರು ಪದವನ್ನು ಮುಂದಿಟ್ಟು ಒಂದು ಅಲ್ಪವಿರಾಮ ಹಾಕುತ್ತಾರೆ ಅಷ್ಟೆ.

'ಟು' ಮತ್ತು ಕ್ರಿಯಾಪದದ ನಡುವೆ ಏನೂ ಬರಬಾರದು ಅನ್ನುವ ಹಳೇ ಕಟ್ಟಳೆಗೆ ನಾನು ಬೆಲೆ ಕೊಡುವುದಿಲ್ಲ. ಅದು 19ನೇ ಶತಮಾನದ ಕೆಲವು ವ್ಯಾಕರಣಕಾರರು ಹಬ್ಬಿಸಿದ್ದು. 'ಹಿ ಡಿಸೈಡೆಡ್ ಟು ಕ್ವಯಟ್ಲಿ ಲೀವ್' ಅನ್ನೋದು ಸ್ಪಷ್ಟವಾಗಿದೆ. ಕಟ್ಟಳೆ ಪಾಲಿಸಿ 'ಡಿಸೈಡೆಡ್ ಕ್ವಯಟ್ಲಿ ಟು ಲೀವ್' ಮಾಡಿದರೆ ಸದ್ದಿಲ್ಲದೆ ನಡೆದದ್ದು ತೀರ್ಮಾನವೋ ಹೊರಡುವುದೋ ಗೊತ್ತಾಗುವುದಿಲ್ಲ.

ಅಭ್ಯಾಸಕ್ಕೆ ನಾನು ಮಾಡಿದ್ದು ಇಷ್ಟೇ. ನಾನೇ ಬರೆದ ಒಂದು ಪುಟ ತೆಗೆದುಕೊಂಡು ಎಲ್ಲ ಕ್ರಿಯಾವಿಶೇಷಣಗಳನ್ನೂ ಹೊಡೆದುಹಾಕುತ್ತಿದ್ದೆ. ಉಳಿದ ವಾಕ್ಯವನ್ನು ಜೋರಾಗಿ ಓದಿ, ತೆಗೆದ ಪದಗಳನ್ನು ಒಂದೊಂದಾಗಿ ವಾಪಸ್ ಇಡುತ್ತಿದ್ದೆ. ಎಷ್ಟೋ ಪದ ವಾಪಸ್ ಬರಲೇ ಇಲ್ಲ, ಅವು ಬೇಕಾಗಿಯೇ ಇರಲಿಲ್ಲ. ವಾಪಸ್ ಬಂದ ಪದಗಳನ್ನು ಒಮ್ಮೆ ಬೇರೆ ಜಾಗದಲ್ಲೂ ಇಟ್ಟು, ಅರ್ಥ ಬದಲಾಗುತ್ತದಾ ಅಂತ ನೋಡುತ್ತಿದ್ದೆ.

ಹಾಗೆ ಜಾಗ ಬದಲಿಸಿ ನೋಡುವಾಗಲೇ ಪ್ರಶ್ನೆಯ ಪರೀಕ್ಷೆ ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. 'ನೆವರ್', 'ರೇರ್ಲಿ', 'ಸೆಲ್ಡಮ್' ಇವನ್ನು ಒತ್ತು ಕೊಡಲು ಮುಂದಕ್ಕೆ ತಂದರೆ ಅವು ಆದಮೇಲೆ ಬರುವ ವಾಕ್ಯ ಪ್ರಶ್ನೆಯ ರೂಪಕ್ಕೇ ತಿರುಗುತ್ತದೆ. 'ನೆವರ್ ಹ್ಯಾಸ್ ಶಿ ಬೀನ್ ಇನ್ವೈಟೆಡ್.' 'ರೇರ್ಲಿ ಡಸ್ ಶಿ ಕಮ್ ಲೇಟ್.' ಜಿಗಿದದ್ದು ಅದೇ 'ಹ್ಯಾಸ್', ಹೊಸದಾಗಿ ತಂದದ್ದು ಅದೇ 'ಡಸ್'. 'ಆಫನ್', 'ಸಮ್‌ಟೈಮ್ಸ್' ಮುಂದೆ ಬಂದರೆ ಹೀಗೆ ತಿರುಗಿಸುವ ಅಗತ್ಯವಿಲ್ಲ, ಯಾಕೆಂದರೆ ಅವುಗಳಲ್ಲಿ 'ಇಲ್ಲ' ಅನ್ನುವ ಅರ್ಥವಿಲ್ಲ: 'ಸಮ್‌ಟೈಮ್ಸ್ ಶಿ ಕಮ್ಸ್ ಲೇಟ್.'