ಬೋರ್ಡ್ ಗೇಮ್ ಡಿಸೈನ್ ಮಾಡೋರ ದಿನ ಹೇಗಿರಬೇಕು

ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆಯಬೇಡಿ. ಕತ್ತರಿ ತೆಗೀರಿ. ಬೋರ್ಡ್ ಗೇಮ್ ಮಾಡಬೇಕು ಅಂತ ಆಸೆ ಇಟ್ಟುಕೊಂಡು ಬರುವವರು ನನಗೆ ಮೊದಲು ತೋರಿಸುವುದು ಇಪ್ಪತ್ತು ಪುಟದ ನಿಯಮ, ಚಂದದ ಚಿತ್ರ, ಡಬ್ಬಿಯ ಲೋಗೋ. ಎಷ್ಟು ಸಲ ಆಡಿಸಿದ್ರಿ ಅಂತ ಕೇಳಿದರೆ ಇನ್ನೂ ಇಲ್ಲ ಅಂತಾರೆ. ಸಂಜೆ ನಾಲ್ಕು ಜನ ಕೂತಾಗ ಆಟ ಮೇಜಿನ ಮೇಲೆ ಇರಬೇಕು, ದಿನದ ಬಾಕಿ ಕೆಲಸವೆಲ್ಲ ಅದಕ್ಕೆ ತಯಾರಿ. ಹೀಗೆ ಯೋಚಿಸಿದರೆ ಏನು ಮೊದಲು, ಏನು ಆಮೇಲೆ ಅನ್ನೋದು ತಾನೇ ಗೊತ್ತಾಗುತ್ತದೆ.

ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಬೆಂಗಳೂರಿನ ಅವೆನ್ಯೂ ರಸ್ತೆಗೆ ಒಂದು ಸಲ ಹೋಗಿ ಬಂದರೆ ತಿಂಗಳಿಗೆ ಸಾಕಾಗುವಷ್ಟು ಕಾಗದ, ಪೆನ್ಸಿಲ್, ಬಣ್ಣ ಸಿಗುತ್ತದೆ. ಕಾರ್ಡಿನ ಸಾಮಾನ್ಯ ಅಳತೆ 63×88 ಮಿಲಿಮೀಟರ್. ಒಂದು ಎ4 ಹಾಳೆಯಲ್ಲಿ ಸರಿಯಾಗಿ 9 ಕಾರ್ಡ್ ಕೂರುತ್ತವೆ. ಅದನ್ನು ಕತ್ತರಿಸಿ, ಹಿಂದೆ ಹಳೇ ಇಸ್ಪೀಟ್ ಎಲೆ ಇಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಕಲೆಸಲು ಗಟ್ಟಿ ಕಾರ್ಡ್ ರೆಡಿ. ಕಾಯಿಗಳಿಗೆ ಗುಂಡಿ, ಹುಣಸೆ ಬೀಜ ಸಾಕು. ಅಳಗುಳಿಮಣೆಯನ್ನು ನಮ್ಮಜ್ಜಿಯಂಥವರು ಹುಣಸೆ ಬೀಜದಲ್ಲೇ ಆಡಿದ್ದು ಅಲ್ವಾ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಪ್ರಿಂಟ್ ಹಾಕಿದ ಕಾರ್ಡನ್ನು ಬದಲಾಯಿಸೋಕೆ ನಿಮಗೇ ಮನಸ್ಸು ಬರಲ್ಲ.

ಬೆಳಗಿನ ಇನ್ನೊಂದು ಕೆಲಸ ಲೆಕ್ಕ. ಚೌಕಾಬಾರದ ನಾಲ್ಕು ಕವಡೆ ತಗೊಳ್ಳಿ. ಪ್ರತಿ ಕವಡೆ ಮೇಲ್ಮುಖ ಅಥವಾ ಕೆಳಮುಖ, ಒಟ್ಟು 16 ರೀತಿ ಬೀಳಬಹುದು. ಎರಡು ಬೀಳುವುದಕ್ಕೆ 6 ದಾರಿ, ನಾಲ್ಕೂ ಮೇಲ್ಮುಖ ಬೀಳುವ ಚೌಕಕ್ಕೆ ಒಂದು, ನಾಲ್ಕೂ ಕೆಳಮುಖ ಬೀಳುವ ಬಾರಕ್ಕೆ ಒಂದು. ಅಂದರೆ ಇನ್ನೊಂದು ಸಲ ಆಡಿಸುವ ಆ ದೊಡ್ಡ ಗರ ಸುಮಾರು ಎಂಟು ಸಲಕ್ಕೊಮ್ಮೆ. ಕಾಯುವಷ್ಟು ಅಪರೂಪ, ಆಸೆ ಬಿಡದಷ್ಟು ಹತ್ತಿರ. ಆದರೆ ಇದು ಕಾಗದದ ಲೆಕ್ಕ. ಕವಡೆಗೆ ಹೊಟ್ಟೆ ಬೇರೆ, ಬೆನ್ನು ಬೇರೆ, ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ನೂರು ಸಲ ಹಾಕಿ, ಗೆರೆ ಎಳೆದು ಎಣಿಸಿ. ನಿಮ್ಮ ಆಟದ ದಾಳ, ಕಾರ್ಡು ಎಲ್ಲದಕ್ಕೂ ಹೀಗೇ ಮಾಡಿ.

ಈಗ ಸಂಜೆಯ ಕೆಲಸ. ನನ್ನ ಮಟ್ಟಿಗೆ ನಿಜವಾದ ಕೆಲಸ ಇದೇ.

ನಾನು ಈಗ ಕೆರೆಗಳ ಮೇಲೆ ಒಂದು ಆಟ ಕಟ್ಟುತ್ತಿದ್ದೇನೆ. ಬೆಂಗಳೂರಿನ ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿಯುತ್ತದೆ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ನೀರು ಇಳಿಯುತ್ತದೆ. ಇದನ್ನೇ ಆಟ ಮಾಡಿದೆ. ಒಬ್ಬೊಬ್ಬರಿಗೆ ಒಂದು ಕೆರೆ, ಬೀಜವೇ ನೀರು. ಕೆರೆ ಆರು ಬೀಜ ಹಿಡಿಯುತ್ತದೆ, ಏಳನೆಯದು ಎಡಗಡೆಯವರ ಕೆರೆಗೆ. ಹೂಳು ತುಂಬಿದರೆ ಆರು ಐದಾಗುತ್ತದೆ, ನಾಲ್ಕಾಗುತ್ತದೆ. ಬೇಕಾದಾಗ ತೂಬು ತೆಗೆದು ಗದ್ದೆಗೆ ನೀರು ಬಿಡಬಹುದು.

ಒಂದು ಭಾನುವಾರ ಒಬ್ಬರು ಆಡುತ್ತಿದ್ದರು. ಅವರ ಕೆರೆ ತುಂಬಿತ್ತು. ಬೆರಳು ಬೀಜಗಳ ಮೇಲೆ ಬಂದು ನಿಂತಿತು, ಎಡಗಡೆಯವರ ಕೆರೆ ನೋಡಿದರು, ಕೈ ವಾಪಸ್ ತಗೊಂಡರು, ಮತ್ತೆ ಬೆರಳು ಮುಂದೆ ಬಂತು. ತೂಬು ತೆಗೆದಿದ್ದರೆ ಮುಗೀತಿತ್ತು. ಹೇಳಿಬಿಡೋಣ ಅಂತ ನಾಲಿಗೆ ತುದಿವರೆಗೂ ಬಂತು, ತಡೆದುಕೊಂಡು ಸುಮ್ನೆ ಕೂತೆ. ಕೊನೆಗೆ ಅವರು ಸುರಿಯುವ ನೀರನ್ನು ಹಾಗೇ ಬಿಟ್ಟರು, ಪಕ್ಕದವರ ಕೆರೆ ಒಡೆಯಿತು. ಆಟ ಮುಗಿದ ಮೇಲೆ ಕೇಳಿದರೆ ತೂಬು ಅಂತ ಒಂದು ಇದೆ ಅನ್ನೋದೇ ಅವರಿಗೆ ನೆನಪಿರಲಿಲ್ಲ, ಏಕೆಂದರೆ ಆ ನಿಯಮ ಎರಡನೇ ಪುಟದ ಕೆಳಗೆ ಇತ್ತು, ಬೋರ್ಡಿನ ಮೇಲೆ ಅದರ ಗುರುತೇ ಇರಲಿಲ್ಲ. ಅವತ್ತು ರಾತ್ರಿ ಪ್ರತಿ ಕೆರೆಯ ದಂಡೆಯಲ್ಲಿ ಒಂದು ಸಣ್ಣ ತೂತು ಕೊರೆದು ಅದಕ್ಕೆ ಬೆಂಕಿಕಡ್ಡಿ ಸಿಗಿಸಿದೆ. ಆಮೇಲೆ ಆಡಿದವರಲ್ಲಿ ಯಾರೂ ತೂಬನ್ನು ಮರೆತಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅವರು ಸರಿಯಾಗಿ ಆಡುತ್ತಿದ್ದರು, ಆಟ ಮಾತ್ರ ತಪ್ಪಾಗಿಯೇ ಉಳೀತಿತ್ತು.

ಹಾಗಾಗಿ ಆಡಿಸುವಾಗ ಮಾತಾಡಬೇಡಿ, ಕೈಗಳನ್ನು ನೋಡಿ. ಯಾರ ಕೈ ಎಲ್ಲಿ ತಡೆಯಿತು, ಯಾವ ಸರದಿಯಲ್ಲಿ ಒಬ್ಬರು ಫೋನ್ ತೆಗೆದರು, ಒಂದೇ ಪ್ರಶ್ನೆ ಎಷ್ಟು ಜನ ಕೇಳಿದರು, ಇಷ್ಟನ್ನು ಬರೆದುಕೊಳ್ಳಿ. ಚೆನ್ನಾಗಿತ್ತಾ ಅಂತ ಮಾತ್ರ ಕೇಳಬೇಡಿ. ನಮ್ಮ ಜನ ಒಳ್ಳೆಯವರು, ಎದುರಿಗೆ ಸಖತ್ತಾಗಿದೆ ಅಂತಾನೇ ಹೇಳುತ್ತಾರೆ. ಎಲ್ಲಿ ಬೇಜಾರಾಯ್ತು ಅಂತ ಕೇಳಿ. ನೀವು ಕೇಳುವ ಮುಂಚೆಯೇ ಅವರು ಕಾರ್ಡ್ ಕಲೆಸಿ ಇನ್ನೊಂದು ಆಟಕ್ಕೆ ಕೂತರೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಮೊದಲ ಮೂರು ನಾಲ್ಕು ಸಲ ಮನೆಯವರು, ಗೆಳೆಯರು ಸಾಕು. ಆಮೇಲೆ ಪರಿಚಯ ಇಲ್ಲದವರೇ ಬೇಕು. ಇಂದಿರಾನಗರ, ಕೋರಮಂಗಲದ ಕಡೆ ಬೋರ್ಡ್ ಗೇಮ್ ಕೆಫೆಗಳಿವೆ, ವಾರಾಂತ್ಯದಲ್ಲಿ ಜನ ಸೇರುತ್ತಾರೆ. ಮೊದಲು ಬೇರೆಯವರ ಅರ್ಧಂಬರ್ಧ ಆಟ ಆಡಿಕೊಡಿ, ಆಮೇಲೆ ನಿಮ್ಮದು ತೆಗೀರಿ. ಜಾಗ ಮೆಟ್ರೋ ಹತ್ತಿರ ಇರಲಿ. ವಾರದ ದಿನ ಸಂಜೆ ಏಳಕ್ಕೆ ವೈಟ್‌ಫೀಲ್ಡಿನಿಂದ ಬಸವನಗುಡಿಗೆ ಬನ್ನಿ ಅಂತ ಯಾರನ್ನೂ ಕರೆಯಬೇಡಿ, ಬಂದರೂ ಆಡುವ ಶಕ್ತಿ ಉಳಿದಿರಲ್ಲ. ಆಟ ಕದ್ದುಬಿಡ್ತಾರೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಕಾಪಿರೈಟ್ ಸಿಗುವುದು ನಿಮ್ಮ ಬರಹಕ್ಕೆ, ಚಿತ್ರಕ್ಕೆ. ಆಡುವ ವಿಧಾನಕ್ಕೆ ಸಿಗಲ್ಲ. ಮುಚ್ಚಿಟ್ಟ ಆಟ ಸುಧಾರಿಸುವುದೂ ಇಲ್ಲ.

ನಿಯಮಗಳನ್ನು ಕನ್ನಡದಲ್ಲಿ ಬರೆಯಿರಿ ಅಂತ ನಾನು ತುಂಬಾ ಜನರಿಗೆ ಹೇಳುತ್ತೇನೆ. ಪದ ಇಲ್ಲ ಅಂತಾರೆ. ಸರದಿ, ಮನೆ, ಗರ, ಕಾಯಿ ನಡೆಸು, ಕಾಯಿ ಕಡಿ, ಎಷ್ಟು ಬೇಕು ಹೇಳಿ. ಗುರಿ ಮುಟ್ಟಿದ ಕಾಯಿಯನ್ನು ಹಣ್ಣಾಯ್ತು ಅನ್ನುತ್ತೇವೆ, ಒಂದೇ ಪದದಲ್ಲಿ ಇಡೀ ಆಟದ ಗುರಿ ಬಂದುಬಿಡ್ತು. ಬರೆದ ಹಾಳೆಯನ್ನು ಆಟವೇ ಗೊತ್ತಿಲ್ಲದ ಮನೆಗೆ ಕೊಟ್ಟು, ಪಕ್ಕದಲ್ಲಿ ಕೂತು, ಒಂದು ಮಾತೂ ಆಡದೆ ನೋಡಿ. ಅವರು ಎಲ್ಲಿ ತಪ್ಪಾಗಿ ಆಡುತ್ತಾರೋ ಆ ಸಾಲನ್ನು ಮತ್ತೆ ಬರೆಯಬೇಕು.

ಪ್ರಿಂಟಿಂಗ್ ಬಗ್ಗೆ ಒಂದು ಮಾತು. ನನ್ನ ಹಿಂದಿನ ಆಟದ ಕಾರ್ಡುಗಳನ್ನು ಪ್ರೆಸ್ಸಿನವರು ಎರಡು ದಿನ ಎರಡು ಸಲವಾಗಿ ಹಾಕಿದರು. ಬೆನ್ನಿನ ನೀಲಿ ಒಂದು ಚೂರು ಬೇರೆಯಾಯಿತು. ಅಷ್ಟೇ ಸಾಕಾಯ್ತು, ಎದುರಿನವರ ಕೈಯಲ್ಲಿರುವುದು ಮಳೆ ಕಾರ್ಡೋ ಬಿಸಿಲು ಕಾರ್ಡೋ ಅಂತ ಬೆನ್ನು ನೋಡಿಯೇ ಹೇಳಬಹುದಿತ್ತು. ಎಲ್ಲಾ ಬೆನ್ನುಗಳನ್ನೂ ಒಂದೇ ಸಲ ಹಾಕಿಸಿ, ಸುತ್ತ 3 ಮಿಲಿಮೀಟರ್ ಜಾಸ್ತಿ ಬಣ್ಣ ಬಿಡಿ, ಪ್ರೂಫ್ ನೋಡದೆ ಒಪ್ಪಬೇಡಿ. ಲ್ಯಾಮಿನೇಷನ್ ಎರಡೂ ಕಡೆ ಇರಲಿ, ಒಂದೇ ಕಡೆ ಹಾಕಿದರೆ ಮಳೆಗಾಲದಲ್ಲಿ ಕಾರ್ಡ್ ಹಪ್ಪಳದ ಹಾಗೆ ಸುರುಳಿಕೊಳ್ಳುತ್ತದೆ.

ಮರದ ಕಾಯಿ ಬೇಕಿದ್ದರೆ ಚನ್ನಪಟ್ಟಣಕ್ಕೆ ಹೋಗಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಏರಿಸುವುದನ್ನು ಕಣ್ಣಾರೆ ನೋಡಿ. ಕೈಯಲ್ಲಿ ಕಡೆದದ್ದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ಕಾಯಿಗಳ ಗುರುತನ್ನು ಎತ್ತರಕ್ಕೆ ಬಿಡದೆ ಬಣ್ಣಕ್ಕೆ ಬಿಡಿ. ಇನ್ನೊಂದು, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ನಿಮ್ಮ ಆಟಕ್ಕೆ ಅದು ಹೇಗೆ ಅನ್ವಯಿಸುತ್ತದೆ ಅಂತ ಡಬ್ಬಿ ಮೇಲೆ ವಯಸ್ಸು ಹಾಕುವ ಮುಂಚೆಯೇ ವಿಚಾರಿಸಿ.

ದುಡ್ಡಿನ ವಿಷಯ. ಇರುವ ಕೆಲಸ ಈಗಲೇ ಬಿಡಬೇಡಿ. ಕಟಾನ್ ಅನ್ನೋ ಹೆಸರಾಂತ ಬೋರ್ಡ್ ಗೇಮ್ ಮಾಡಿದ ಜರ್ಮನಿಯ ಕ್ಲೌಸ್ ಟಾಯ್ಬರ್ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು. 1995ರಲ್ಲಿ ಕಟಾನ್ ಬಂದು ಹೆಸರಾದ ಮೇಲೂ ಕೆಲವು ವರ್ಷ ಆ ಕೆಲಸ ಬಿಟ್ಟಿರಲಿಲ್ಲ. ದಿನಕ್ಕೆ ಎರಡು ಗಂಟೆ, ಭಾನುವಾರ ಪೂರ್ತಿ, ಇಷ್ಟು ಕೊಟ್ಟರೂ ಆಟ ಮುಂದೆ ಹೋಗುತ್ತದೆ.

ರಾತ್ರಿ ಮಲಗುವ ಮುಂಚೆ ಬರೆದುಕೊಂಡದ್ದನ್ನು ಓದಿ ಒಂದೇ ಒಂದು ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಆಟ ಸರಿಹೋಯಿತು ಅಂತ ಗೊತ್ತಾಗಲ್ಲ. ಹಳೇ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ತಾರೀಕು ಬರೆದು ಎತ್ತಿಡಿ. ಬೀಜ ಎಣಿಸಿ ಡಬ್ಬಿಗೆ ತುಂಬಿ, ಬೆಂಕಿಕಡ್ಡಿ ನಾಲ್ಕು ಜಾಸ್ತಿ ಹಾಕಿ, ಡಬ್ಬಿಯನ್ನು ಚಪ್ಪಲಿ ಪಕ್ಕ ಇಡಿ.