ಏಳು ಸರ್ವರ್‌ಗಳ ಕೆಲಸ ಎರಡು ಪೆಟ್ಟಿಗೆಗೆ: ವರ್ಚುವಲೈಸೇಷನ್‌ಗೆ ಇಳಿಯುವುದು ಹೇಗೆ?

ಪೀಣ್ಯದ ಕಡೆ ನೂರೈವತ್ತು, ಇನ್ನೂರು ಜನ ಕೆಲಸ ಮಾಡುವ ಕಂಪನಿಗೆ ಹೋಗಿ ಸರ್ವರ್ ರೂಮ್ ತೋರಿಸಿ ಅನ್ನಿ. ಸಾಮಾನ್ಯವಾಗಿ ಮೆಟ್ಟಿಲ ಕೆಳಗಿನ ಒಂದು ಕೋಣೆಯ ಬಾಗಿಲು ತೆಗೆಯುತ್ತಾರೆ. ಒಳಗೆ ಬೇರೆ ಬೇರೆ ವರ್ಷ ಕೊಂಡ ಪೆಟ್ಟಿಗೆಗಳು. ಟ್ಯಾಲಿಗೆ ಒಂದು, ಖರೀದಿ, ಸ್ಟಾಕ್, ಉತ್ಪಾದನೆ ಎಲ್ಲ ನೋಡಿಕೊಳ್ಳುವ ಇಆರ್‌ಪಿಗೆ ಒಂದು, ಡ್ರಾಯಿಂಗ್ ಫೈಲ್‌ಗಳಿಗೆ ಒಂದು, ಹಾಜರಾತಿ ಯಂತ್ರಕ್ಕೆ ಮತ್ತೊಂದು. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ವೆಂಡರ್ "ನಮಗೆ ಪ್ರತ್ಯೇಕ ಸರ್ವರ್ ಬೇಕು ಸಾರ್" ಅಂದಿರುತ್ತಾನೆ. ಕೊಂಡಿರುತ್ತಾರೆ, ಅಷ್ಟೇ.

ನಾನು ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿ ಇಂಥವು ಏಳಿದ್ದವು. ಎಸಿ ದಿನವಿಡೀ ಓಡುತ್ತಿತ್ತು. ಸರ್ವರ್‌ಗಳು ಮಾತ್ರ ಹೆಚ್ಚಿನ ಹೊತ್ತು ಸುಮ್ನೆ ಕೂತಿರುತ್ತಿದ್ದವು.

ವರ್ಚುವಲೈಸೇಷನ್ ಅಂದರೆ ಈ ಏಳು ಒಂಟಿ ಮನೆಗಳನ್ನು ಒಂದು ವಠಾರ ಮಾಡುವುದು. ಗೋಡೆ, ಛಾವಣಿ, ಬಾವಿ ಒಂದೇ. ಮನೆಗಳು ಬೇರೆ, ಬೀಗಗಳೂ ಬೇರೆ. ಯಾರಿಗೆ ಎಷ್ಟು ಜಾಗ, ಎಷ್ಟು ನೀರು ಎಂದು ಹಂಚುವ ವಠಾರದ ಯಜಮಾನನೇ ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್. ಒಳಗಿನ ಒಂದೊಂದು ಮನೆ ಒಂದು ವರ್ಚುವಲ್ ಮಷೀನ್, ಅಂದರೆ ವಿಎಂ. ಇದು ಹೊಸ ವಿದ್ಯೆಯೇನಲ್ಲ. ಐಬಿಎಂ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಕೊಟ್ಟಿತ್ತು. 2005-06ರಲ್ಲಿ ಇಂಟೆಲ್, ಎಎಂಡಿ ಎರಡೂ ಚಿಪ್‌ನಲ್ಲೇ ಇದಕ್ಕೆ ಅನುಕೂಲ ಮಾಡಿಕೊಟ್ಟ ಮೇಲೆ ಸಾಮಾನ್ಯ ಸರ್ವರ್‌ಗಳಲ್ಲೂ ಸಲೀಸಾಯಿತು.

ಮೊದಲು ಅಳೆಯಿರಿ

ಕೊಟೇಶನ್ ತರಿಸುವ ಮುಂಚೆ ಒಂದು ತಿಂಗಳು ಅಳೆಯಿರಿ. ಯಾವ ಸರ್ವರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸಲು ವಿಂಡೋಸ್‌ನಲ್ಲಿ ಪರ್ಫ್‌ಮಾನ್, ಲಿನಕ್ಸ್‌ನಲ್ಲಿ ಸಾರ್ (sar) ಎಂಬ ಸಾಧನ ಸಾಕು, ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ತಿಂಗಳು ಯಾಕೆ ಅಂದರೆ, ಜಿಎಸ್‌ಟಿಯ 11 ಮತ್ತು 20ನೇ ತಾರೀಕು, ಸಂಬಳದ ದಿನ, ತಿಂಗಳ ಕೊನೆಯ ಸ್ಟಾಕ್ ಲೆಕ್ಕ ಎಲ್ಲ ಅದರೊಳಗೆ ಬರಬೇಕು. ಒಂದು ಮಂಗಳವಾರದ ಲೆಕ್ಕ ನಂಬಿ ಸರ್ವರ್ ಕೊಳ್ಳಬೇಡಿ.

ನಮ್ಮಲ್ಲಿ ಐದು ಸರ್ವರ್‌ಗಳ ಪ್ರೊಸೆಸರ್ ಶೇ 10 ದಾಟಲೇ ಇಲ್ಲ. ತಲೆನೋವು ಡಿಸ್ಕ್‌ನದು. ಏಳಕ್ಕೂ ಆ್ಯಂಟಿವೈರಸ್ ಸ್ಕ್ಯಾನ್ ಮಧ್ಯಾಹ್ನ ಒಂದು ಗಂಟೆಗೆ, ಊಟದ ಹೊತ್ತಿಗೆ, ಇಟ್ಟಿದ್ದೆವು. ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಒಂದೇ ಡಿಸ್ಕ್ ಮೇಲೆ ಏಳೂ ಒಟ್ಟಿಗೆ ಬಿದ್ದರೆ ಊಟ ಮುಗಿಸಿ ಬಂದವರಿಗೆ ಇಆರ್‌ಪಿ ತೆರೆಯುವುದೇ ಇಲ್ಲ. ಸ್ಕ್ಯಾನ್ ವೇಳೆಗಳನ್ನು ರಾತ್ರಿಗೆ, ಅರ್ಧರ್ಧ ಗಂಟೆ ಬಿಟ್ಟು ಹಂಚಿದೆವು. ಖರ್ಚು ಸೊನ್ನೆ.

ಒಂದಲ್ಲ, ಎರಡು

ಇಲ್ಲಿಯೇ ಜಾಸ್ತಿ ಜನ ಎಡವುವುದು. ಏಳು ಸರ್ವರ್ ಹೋಗಿ ಒಂದು ದೊಡ್ಡದು ಬಂದರೆ ಉಳಿತಾಯ ಚೆನ್ನಾಗಿ ಕಾಣುತ್ತದೆ, ಮಾಲೀಕರಿಗೂ ಖುಷಿ. ಆದರೆ ಅದು ಕೊಟ್ಟಿಗೆಯ ಎಲ್ಲ ಹಸುವನ್ನೂ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಮೊದಲು ಮದರ್‌ಬೋರ್ಡ್ ಕೆಟ್ಟರೆ ಹಾಜರಾತಿಯೊಂದೇ ನಿಲ್ಲುತ್ತಿತ್ತು. ಈಗ ಕಂಪನಿಯೇ ನಿಲ್ಲುತ್ತದೆ. ಎರಡನೇ ಸರ್ವರ್‌ಗೆ ದುಡ್ಡಿಲ್ಲ ಅಂದರೆ ಇನ್ನೊಂದು ವರ್ಷ ಕಾಯುವುದೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಕೊಂಡರೆ ಒಂದೊಂದನ್ನೂ ಅರ್ಧದಷ್ಟೇ ತುಂಬಿಸಿ. ಒಂದು ಬಿದ್ದ ದಿನ ಇನ್ನೊಂದು ಎಲ್ಲವನ್ನೂ ಹೊರಬೇಕಲ್ವಾ? ನಮಗೆ ಏಳೂ ಸೇರಿ ಬೇಕಾಗಿದ್ದ ರ‍್ಯಾಮ್ ಸುಮಾರು 80 ಜಿಬಿ. ಹಾಗಾಗಿ ಒಂದೊಂದಕ್ಕೂ 128 ಜಿಬಿ ಹಾಕಿದೆವು. ಪ್ರೊಸೆಸರ್ ಕೋರ್‌ಗಳನ್ನು ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಹಂಚಿದರೂ ನಡೆಯುತ್ತದೆ, ಎಲ್ಲರೂ ಒಟ್ಟಿಗೆ ಕೇಳುವುದಿಲ್ಲ. ರ‍್ಯಾಮ್ ವಿಷಯದಲ್ಲಿ ಮಾತ್ರ ಇಲ್ಲದ್ದನ್ನು ಹಂಚಲು ಹೋಗಬೇಡಿ.

ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಆಸೆಯೂ ಬೇಡ. ವಿಂಡೋಸ್ ಸರ್ವರ್ ಲೈಸೆನ್ಸ್ ಕೋರ್ ಲೆಕ್ಕದ್ದು, ಸರ್ವರ್‌ಗೆ ಕನಿಷ್ಠ 16. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಪೆಟ್ಟಿಗೆಯ ಎಲ್ಲ ಕೋರ್‌ಗೂ ಒಂದು ಸಲ ದುಡ್ಡು ಕಟ್ಟಿದರೆ ಎರಡು ವಿಂಡೋಸ್ ವಿಎಂ ಓಡಿಸಬಹುದು. ನಾಲ್ಕು ಬೇಕಾದರೆ ಅದನ್ನೇ ಇನ್ನೊಂದು ಸಲ ಕಟ್ಟಬೇಕು. 32 ಕೋರ್‌ನ ಪೆಟ್ಟಿಗೆ ತಂದರೆ ಪ್ರತಿ ಸಲವೂ ದುಪ್ಪಟ್ಟು. ಒಂದು ಸರ್ವರ್ ಬಿದ್ದಾಗ ವಿಎಂಗಳು ಎರಡನೆಯದಕ್ಕೆ ಹೋಗುತ್ತವೆ ಅಂದಮೇಲೆ ಅಲ್ಲಿಯೂ ಅಷ್ಟೂ ಲೈಸೆನ್ಸ್ ಇರಬೇಕು. ನಾವು 16 ಕೋರ್‌ಗೇ ನಿಲ್ಲಿಸಿದೆವು.

ಯಾವ ಹೈಪರ್‌ವೈಸರ್?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಗೆ ಎಲ್ಲರೂ ಕಣ್ಣುಮುಚ್ಚಿ ವಿಎಂವೇರ್ ಅನ್ನುತ್ತಿದ್ದರು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಡಿಸೆಂಬರ್‌ನಲ್ಲೇ ಒಂದು ಸಲ ಕೊಂಡು ಕಾಯಂ ಬಳಸುವ ಲೈಸೆನ್ಸ್ ಮಾರುವುದು ನಿಂತು, ಚಂದಾ ಪದ್ಧತಿ ಬಂತು. ಸರಕು ಈಗಲೂ ಚೆನ್ನಾಗಿದೆ. ನಮ್ಮಂಥ ಮಧ್ಯಮ ಕಂಪನಿಯ ಜೇಬಿಗೆ ಮಾತ್ರ ಭಾರ. ವಿಂಡೋಸ್ ಒಂದನ್ನೇ ಬಲ್ಲ ತಂಡವಿದ್ದರೆ ಮೈಕ್ರೋಸಾಫ್ಟ್‌ನ ಹೈಪರ್-ವಿ ನೋಡಿ. ಲಿನಕ್ಸ್ ಬಲ್ಲವರು ಒಬ್ಬರಾದರೂ ಇದ್ದರೆ ಪ್ರಾಕ್ಸ್‌ಮಾಕ್ಸ್. ಇದರ ಹೊಟ್ಟೆಯಲ್ಲಿರುವುದು 2007ರಿಂದ ಲಿನಕ್ಸ್ ಕರ್ನಲ್‌ನ, ಅಂದರೆ ಅದರ ತಿರುಳಿನ, ಭಾಗವೇ ಆಗಿರುವ ಕೆವಿಎಂ ಎಂಬ ಹೈಪರ್‌ವೈಸರ್. ನಾವು ಇದನ್ನೇ ಆರಿಸಿದೆವು.

ದುಬಾರಿ ಸ್ಟೋರೇಜ್ ಪೆಟ್ಟಿಗೆ ಬೇಕೇ ಬೇಕು ಎಂದು ಮಾರುವವರು ಹೇಳುತ್ತಾರೆ. ಎರಡು ಸರ್ವರ್‌ಗಳ ಮಟ್ಟಿಗೆ ಅದು ಬೇಕಿಲ್ಲ. ಒಂದರ ಡಿಸ್ಕ್ ಪ್ರತಿ 15 ನಿಮಿಷಕ್ಕೊಮ್ಮೆ ಇನ್ನೊಂದಕ್ಕೆ ನಕಲಾಗುವ ಹಾಗೆ ಇಡಬಹುದು. ಅಂದರೆ ಕೆಟ್ಟ ದಿನ ಹದಿನೈದು ನಿಮಿಷದ ಕೆಲಸ ಹೋಗಬಹುದು. ಇದನ್ನು ಅಕೌಂಟ್ಸ್‌ನವರಿಗೆ ಮೊದಲೇ ಹೇಳಿ, ಒಪ್ಪಿಸಿಕೊಳ್ಳಿ. ಎರಡು ಸರ್ವರ್‌ಗಳ ನಡುವೆ ಸಂಪರ್ಕ ಕಡಿದರೆ ಯಾವುದು ಬದುಕಿದೆ ಎಂದು ತೀರ್ಮಾನಿಸಲು ಮೂರನೆಯ ವೋಟು ಬೇಕಾಗುತ್ತದೆ. ಅದಕ್ಕೆ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು.

ಬ್ಯಾಕಪ್ ಆಗದೆ ಒಂದೂ ಅಲುಗಬಾರದು

ಸ್ನ್ಯಾಪ್‌ಶಾಟ್ ಅಂದರೆ ವಿಎಂ ಆ ಕ್ಷಣ ಇದ್ದ ಸ್ಥಿತಿಯನ್ನು ಅದೇ ಡಿಸ್ಕ್‌ನಲ್ಲಿ ಹಿಡಿದಿಡುವುದು. ಅದು ಬ್ಯಾಕಪ್ ಅಲ್ಲ. ಇದನ್ನು ನಾನು ಕಲಿತದ್ದು ಒಂದು ಶನಿವಾರ. ಇಆರ್‌ಪಿ ಅಪ್‌ಡೇಟ್‌ಗೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆ, ಅಳಿಸಲು ಮರೆತೆ. ಅಲ್ಲಿಂದಾಚೆಗಿನ ಪ್ರತಿ ಬದಲಾವಣೆಗೂ ಅದು ಜಾಗ ತಿನ್ನುತ್ತಲೇ ಇತ್ತು. ಸಾಲದ್ದಕ್ಕೆ ಡಿಸ್ಕ್‌ಗಳನ್ನು ಥಿನ್ ಆಗಿ ಕೊಟ್ಟಿದ್ದೆ, ಅಂದರೆ ಕಾಗದದ ಮೇಲೆ ಹಂಚಿದ್ದು ಇದ್ದದ್ದಕ್ಕಿಂತ ಜಾಸ್ತಿ. ಐದು ವಾರದ ಮೇಲೆ ಡಿಸ್ಕ್ ತುಂಬಿತು. ಅದರ ಮೇಲಿದ್ದ ಎಲ್ಲ ವಿಎಂಗಳೂ ಒಟ್ಟಿಗೆ ನಿಂತವು. ಆಗ ಸೆಕೆಂಡ್ ಶಿಫ್ಟ್ ನಡೆಯುತ್ತಿತ್ತು. ಅಂದಿನಿಂದ ಡಿಸ್ಕ್ ಶೇ 80 ದಾಟಿದರೆ ನನ್ನ ಫೋನ್‌ಗೆ ಮೆಸೇಜ್ ಬರುತ್ತದೆ.

ಬ್ಯಾಕಪ್ ಬೇರೆ ಪೆಟ್ಟಿಗೆಯಲ್ಲಿರಲಿ. ಒಂದು ಪ್ರತಿ ಕಟ್ಟಡದ ಆಚೆಗೂ ಇರಲಿ. ಅದರ ಪಾಸ್‌ವರ್ಡ್ ಆಫೀಸಿನ ಡೊಮೇನ್ ಪಾಸ್‌ವರ್ಡ್, ಅಂದರೆ ಆಫೀಸಿನ ಎಲ್ಲ ಕಂಪ್ಯೂಟರ್‌ಗೂ ನಡೆಯುವ ಪಾಸ್‌ವರ್ಡ್, ಆಗಿರಬಾರದು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಮೊದಲು ಹುಡುಕುವುದೇ ಅದನ್ನು. ತಿಂಗಳಿಗೊಮ್ಮೆ ಒಂದು ವಿಎಂ ಅನ್ನು ಬ್ಯಾಕಪ್‌ನಿಂದ ಎಬ್ಬಿಸಿ, ನೆಟ್‌ವರ್ಕ್‌ಗೆ ಸೇರಿಸದೆ, ಲಾಗಿನ್ ಆಗಿ ನೋಡಿ.

ಸಾಗಿಸುವ ಸರದಿ

ತೊಂದರೆಯಾದರೂ ಯಾರೂ ಕೂಗಾಡದ ಸರ್ವರ್‌ನಿಂದ ಶುರು ಮಾಡಿ. ನಮ್ಮಲ್ಲಿ ಅದು ಹಾಜರಾತಿ. ಕೊನೆಗೆ ಇಆರ್‌ಪಿ. ವಿಂಡೋಸ್ ಸರ್ವರ್ ಡಿಸ್ಕ್ ಅನ್ನು ಇದ್ದ ಹಾಗೇ ಫೈಲ್ ಮಾಡಿಕೊಳ್ಳಲು ಮೈಕ್ರೋಸಾಫ್ಟ್‌ನ ಡಿಸ್ಕ್‌2ವಿಎಚ್‌ಡಿ ಇದೆ, ಪುಕ್ಕಟೆ. ಕೆವಿಎಂಗೆ ಹೋಗುವವರು ಹಳೆಯ ಯಂತ್ರದಲ್ಲಿರುವಾಗಲೇ ವಿಎಂನ ಡಿಸ್ಕ್, ನೆಟ್‌ವರ್ಕ್ ಗುರುತಿಸಲು ವಿಂಡೋಸ್‌ಗೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳನ್ನು ಹಾಕಿಕೊಳ್ಳಿ. ಮರೆತರೆ ಹೊಸ ಮನೆಯಲ್ಲಿ ವಿಂಡೋಸ್ ತನ್ನ ಡಿಸ್ಕ್ ಕಾಣದೆ ನೀಲಿ ಪರದೆ ತೋರಿಸಿ ಕೂತುಬಿಡಬಹುದು. ಹಾಗಾದರೆ ಗಾಬರಿ ಬೇಡ. ಡಿಸ್ಕ್ ಅನ್ನು ತಾತ್ಕಾಲಿಕವಾಗಿ ವಿಂಡೋಸ್‌ಗೆ ಮೊದಲೇ ಗೊತ್ತಿರುವ ಸಾಟಾ ಬಗೆಯದು ಎಂದು ತೋರಿಸಿ ಬೂಟ್ ಮಾಡಿ, ಡ್ರೈವರ್ ಹಾಕಿ ಬದಲಿಸಿ.

ಟ್ಯಾಲಿ ಲೈಸೆನ್ಸ್ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಳೆಯದರಲ್ಲಿ ಸರೆಂಡರ್ ಮಾಡಿ, ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಇದನ್ನು 20ನೇ ತಾರೀಕಿನ ಹಿಂದಿನ ದಿನ ಮಾಡಬೇಡಿ ಅಂತ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಯುಎಸ್‌ಬಿ ಡಾಂಗಲ್, ಅಂದರೆ ಲೈಸೆನ್ಸ್ ಕೀಲಿಯಂತೆ ಚುಚ್ಚುವ ಕಡ್ಡಿ, ಬೇಡುವ ಡಿಸೈನ್ ಸಾಫ್ಟ್‌ವೇರ್ ಇದ್ದರೆ ಆ ವಿಎಂ ಡಾಂಗಲ್ ಚುಚ್ಚಿದ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ನೆಟ್‌ವರ್ಕ್ ಲೈಸೆನ್ಸ್ ಕೊಡುತ್ತೀರಾ ಎಂದು ವೆಂಡರ್‌ನ್ನು ಕೇಳಿ. ನಮಗೆ ಕೊಡಲಿಲ್ಲ, ಆ ಒಂದು ಸರ್ವರ್ ಇಂದಿಗೂ ಹಾಗೇ ಒಂಟಿಯಾಗಿದೆ.

ಡೊಮೇನ್ ಕಂಟ್ರೋಲರ್, ಅಂದರೆ ಆಫೀಸಿನ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್, ವಿಷಯದಲ್ಲಿ ಹುಷಾರು. ಅದನ್ನು ಹೀಗೆ ನಕಲು ಮಾಡಬೇಡಿ. ಹೊಸ ವಿಎಂನಲ್ಲಿ ಇನ್ನೊಂದನ್ನು ಎಬ್ಬಿಸಿ, ಜವಾಬ್ದಾರಿ ಅದಕ್ಕೆ ದಾಟಿಸಿ, ಹಳೆಯದನ್ನು ಕ್ರಮವಾಗಿ ಇಳಿಸಿ. ಇಂಥವು ಎರಡಿರಲಿ, ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೇಡ. ಹೈಪರ್‌ವೈಸರ್‌ಗೆ ಲಾಗಿನ್ ಆಗಲು ಡೊಮೇನ್ ಬೇಕು, ಡೊಮೇನ್ ಎದ್ದೇಳಲು ಹೈಪರ್‌ವೈಸರ್ ಬೇಕು ಎಂಬ ಸ್ಥಿತಿ ಬಾರದಿರಲಿ.

ಕರೆಂಟ್ ಹೋದಾಗ ಏನು ಎಂದೂ ಬರೆದಿಡಿ. ಯುಪಿಎಸ್‌ನಿಂದ ಸರ್ವರ್‌ಗೆ ಕೇಬಲ್ ಹಾಕಿ, ಬ್ಯಾಟರಿ ಇಳಿದಾಗ ಮೊದಲು ವಿಎಂಗಳು, ಆಮೇಲೆ ಪೆಟ್ಟಿಗೆ ತಾನಾಗಿ ಆಫ್ ಆಗುವ ಹಾಗೆ ಮಾಡಿ. ಏಳುವಾಗ ಡೊಮೇನ್, ಡೇಟಾಬೇಸ್, ಕೊನೆಗೆ ಇಆರ್‌ಪಿ.

ಖಾಲಿಯಾದ ಹಳೆಯ ಪೆಟ್ಟಿಗೆಗಳನ್ನು ಒಂದೆರಡು ತಿಂಗಳು ಇಟ್ಟುಕೊಳ್ಳಿ, ಆದರೆ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ನಾವು ಸುಮ್ನೆ ಆಫ್ ಮಾಡಿಟ್ಟಿದ್ದೆವು. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಪೆಟ್ಟಿಗೆಯ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಎಂದಿತ್ತು, ಹಳೆಯ ಹಾಜರಾತಿ ಸರ್ವರ್ ಎದ್ದು ಕೂತಿತು. ಒಂದೇ ಐಪಿಯಲ್ಲಿ, ಅಂದರೆ ಒಂದೇ ನೆಟ್‌ವರ್ಕ್ ವಿಳಾಸದಲ್ಲಿ, ಇಬ್ಬರು. ಬೆಳಗಿನ ಶಿಫ್ಟ್‌ನ ಅರ್ಧ ಜನರ ಪಂಚ್ ಹಳೆಯದಕ್ಕೆ ಹೋಯಿತು, ಇನ್ನರ್ಧ ಹೊಸದಕ್ಕೆ. ಎಚ್‌ಆರ್ ಮೇಡಂ ಎರಡೂ ಪಟ್ಟಿ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಾಗ ಹನ್ನೊಂದು ಗಂಟೆ.